ಲೀಟರ್ ಆಮೇಲೆ, ಕಿಲೋ ಮೊದಲು

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯನ್ನು ಮೋಟಾರು ಗಾಡಿಯಲ್ಲಿ ಮೊದಲು ದಾಟಿದವರು ರೆಜ್ ಸ್ಪ್ರಿಗ್ ಎಂಬ ಭೂವಿಜ್ಞಾನಿ. 1962ರಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ನಿಸ್ಸಾನ್ ಪಟ್ರೋಲ್ ಗಾಡಿಯಲ್ಲಿ ದಾಟಿದರು. ಇವತ್ತು ಚಳಿಗಾಲ ಬಂತೆಂದರೆ ಅದೇ ಮರಳಿಗೆ ಫೋರ್ ವೀಲ್ ಡ್ರೈವ್ ಗಾಡಿಗಳು ಸಾಲುಗಟ್ಟುತ್ತವೆ. ಮೆಲ್ಬರ್ನ್, ಅಡಿಲೇಡ್, ಪರ್ತ್‌ಗಳಲ್ಲಿ ನೆಲೆಸಿರುವ ನಮ್ಮವರಿಗೂ ಈ ಹುಚ್ಚು ಹಿಡಿದಿದೆ. ಲ್ಯಾಂಡ್ ಕ್ರೂಸರೋ ಹೈಲಕ್ಸೋ ಮನೆಗೆ ಬಂದ ಸ್ವಲ್ಪ ದಿನಕ್ಕೆ ತಲೆಯಲ್ಲಿ ಹುಳ ಬಿಡುವ ವಿಷಯ ಒಂದಿದೆ: ದೊಡ್ಡ ಟ್ಯಾಂಕ್. ಕಂಪನಿ ಕೊಟ್ಟ 80 ಲೀಟರ್ ತೆಗೆದು 140 ಹಾಕಿಸಬೇಕು, 138 ಇದ್ದರೆ 250 ದಾಟಿಸಬೇಕು!

ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಲೀಟರ್ ಲೆಕ್ಕ ಎಲ್ಲರೂ ಹಾಕುತ್ತಾರೆ, ಕಿಲೋ ಲೆಕ್ಕ ಹಾಕುವವರು ಕಡಿಮೆ. ದುಡ್ಡು ಕೊಡುವ ಮುಂಚೆ ಓದಿಕೊಳ್ಳಲು ಕೆಲವು ಸೂತ್ರಗಳು ಇಲ್ಲಿವೆ.

1. ಮೊದಲು ದಾರಿ, ಆಮೇಲೆ ಟ್ಯಾಂಕ್

ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆಯಿರಿ. ನಲಾರ್ಬರ್ ಬಯಲಿನ ಐರ್ ಹೈವೇ ಎಷ್ಟೇ ಉದ್ದವಿರಲಿ, ಅಲ್ಲಿ ಹೆಚ್ಚೆಂದರೆ 200 ಕಿ.ಮೀ.ಗೊಂದು ಬಂಕ್ ಸಿಗುತ್ತದೆ. ಅಲ್ಲಿಗೆ ಸಣ್ಣ ಕಾರೂ ಸಾಕು. ಕಿಂಬರ್ಲಿಯ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ.; ನಡುವೆ ಡೀಸೆಲ್ ಸಿಗುವ ಜಾಗಗಳಿವೆ, ಕಂಪನಿ ಟ್ಯಾಂಕಿನಲ್ಲೇ ಮುಗಿಯುತ್ತದೆ.

ಕಥೆ ಬೇರೆಯಾಗುವುದು ಮರಳಿಗೆ ಇಳಿದಾಗ. ಮೌಂಟ್ ಡೇರ್‌ನಿಂದ ಬರ್ಡ್ಸ್‌ವಿಲ್‌ಗೆ ಸಿಂಪ್ಸನ್ ದಾಟುವ ಫ್ರೆಂಚ್ ಲೈನ್ ಎಂಬ ಜಾಡು ಹಿಡಿದರೆ ಸುಮಾರು 500 ಕಿ.ಮೀ., ಅಂದರೆ ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. ನಡುವೆ ಬಂಕ್ ಇಲ್ಲ, ಇರುವುದು ಸಾವಿರಕ್ಕೂ ಹೆಚ್ಚು ಮರಳು ದಿಣ್ಣೆ. ಕೂಬರ್ ಪೀಡಿಯಿಂದ ಲಾವರ್ಟನ್‌ಗೆ ಹೋಗುವ ಆ್ಯನ್ ಬೀಡೆಲ್ ಹೈವೇ 1,300 ಕಿ.ಮೀ.ಗೂ ಮಿಕ್ಕಿದ್ದು; ದಾರಿಯಲ್ಲಿ ಇಂಧನ ಸಿಗುವುದು ಇಲ್ಕುರ್ಲ್ಕಾ ಎಂಬ ಒಂದೇ ರೋಡ್‌ಹೌಸಿನಲ್ಲಿ. ಇನ್ನು ವಿಲುನಾದಿಂದ ಹಾಲ್ಸ್ ಕ್ರೀಕ್‌ವರೆಗಿನ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿ.ಮೀ. ದನ ಹೊಡೆದುಕೊಂಡು ಹೋಗಲೆಂದು 1908–1910ರಲ್ಲಿ ಬಾವಿ ತೋಡಿದ ಹಾದಿ ಅದು. ವಿಲುನಾ ಬಿಟ್ಟರೆ ಕುನವರಿಟ್ಜಿ ಎಂಬ ಮೂಲನಿವಾಸಿ ಹಳ್ಳಿ ಮುಟ್ಟುವ ತನಕ ಹತ್ತಿರಹತ್ತಿರ ಸಾವಿರ ಕಿ.ಮೀ. ಒಂದು ಹನಿ ಡೀಸೆಲ್ ಸಿಗದು.

ನಿಮ್ಮ ಪಟ್ಟಿಯಲ್ಲಿ ಈ ಜಾತಿಯ ಹೆಸರು ಒಂದೂ ಇಲ್ಲವೇ? ಹಾಗಿದ್ದರೆ ದುಡ್ಡು ಉಳಿಯಿತು. ಒಳ್ಳೆಯ ಟೈರ್ ಕೊಳ್ಳಿ.

2. ಮೈಲೇಜನ್ನು ಮರಳಿನ ಮೇಲೆ ಅಳೆಯಿರಿ

ಹೈಲಕ್ಸ್ ಟ್ಯಾಂಕ್ 80 ಲೀಟರ್. ಟಾರು ರಸ್ತೆಯಲ್ಲಿ ನೂರು ಕಿ.ಮೀ.ಗೆ 10 ಲೀಟರ್ ಕುಡಿದರೆ 800 ಕಿ.ಮೀ. ಓಡಬೇಕು. ಸಿಂಪ್ಸನ್ ಏನು ಮಹಾ ಅನ್ನಿಸುತ್ತದೆ. ಅದೇ ಗಾಡಿ ನೀರು, ಡೇರೆ, ಫ್ರಿಜ್ಜು ಹೇರಿಕೊಂಡು ಲೋ ರೇಂಜಿನಲ್ಲಿ ದಿಣ್ಣೆ ಹತ್ತುವಾಗ ನೂರಕ್ಕೆ 18 ಲೀಟರ್ ಕುಡಿದರೆ ಆಶ್ಚರ್ಯವಿಲ್ಲ. ಆಗ 80 ಲೀಟರ್ ಮುಗಿಯುವುದು 444ನೇ ಕಿ.ಮೀ.ನಲ್ಲಿ. ಬರ್ಡ್ಸ್‌ವಿಲ್ ಇನ್ನೂ ಐವತ್ತು ಚಿಲ್ಲರೆ ಕಿ.ಮೀ. ಆಚೆ ಇರುತ್ತದೆ.

ಟ್ಯಾಂಕಿಗಿಂತ ಅಗ್ಗವಾದ ಎರಡು ಉಪಾಯಗಳಿವೆ. ಟೈರಿನ ಗಾಳಿಯನ್ನು 16–18 ಪಿಎಸ್‌ಐಗೆ ಇಳಿಸಿ. ಗಟ್ಟಿ ಟೈರಿನಲ್ಲಿ ಮರಳು ಅಗೆಯುತ್ತಾ ಹೋಗುವವನು ಡೀಸೆಲ್ಲನ್ನೂ ಸುಡುತ್ತಾನೆ, ದಾರಿಯನ್ನೂ ಕೆಡಿಸುತ್ತಾನೆ. ಎರಡನೆಯದು, ಸಿಂಪ್ಸನ್ ದಿಣ್ಣೆಗಳ ಪೂರ್ವದ ಮೈ ಕಡಿದು, ಪಶ್ಚಿಮದ ಮೈ ಸಲೀಸು. ಪಶ್ಚಿಮದಿಂದ ಪೂರ್ವಕ್ಕೆ ಹೊರಟರೆ ಗಾಡಿಗೂ ಸುಖ, ಟ್ಯಾಂಕಿಗೂ ಸುಖ.

3. ಐದರಲ್ಲೊಂದು ಪಾಲು ಮುಟ್ಟಬೇಡಿ

ಒಟ್ಟು ಇಂಧನದ ಶೇ. 20ರಷ್ಟನ್ನು ಇಲ್ಲವೇ ಇಲ್ಲ ಎಂದು ತಿಳಿದು ಲೆಕ್ಕ ಹಾಕಿ. 140 ಲೀಟರ್ ಇದ್ದರೆ ಕೈಯಲ್ಲಿರುವುದು 112. ನೂರಕ್ಕೆ 18ರ ಲೆಕ್ಕದಲ್ಲಿ 620 ಕಿ.ಮೀ. ದಾರಿ ತಪ್ಪುವುದು, ಜೌಗು ಸುತ್ತಿಕೊಂಡು ಹೋಗುವುದು, ಹೂತುಹೋದ ಇನ್ನೊಬ್ಬರ ಗಾಡಿ ಎಳೆಯುವುದು ಎಲ್ಲ ಆ ಉಳಿದ 28ರಲ್ಲಿ ಆಗಬೇಕು.

4. ವೇಬ್ರಿಡ್ಜ್‌ಗೆ ಹೋಗಿ

ಈ ಬರಹದಲ್ಲಿ ಒಂದೇ ಸೂತ್ರ ಓದುವುದಾದರೆ ಇದನ್ನು ಓದಿ. ಡೀಸೆಲ್ ಲೀಟರಿಗೆ ಸುಮಾರು 840 ಗ್ರಾಂ ತೂಗುತ್ತದೆ, ಪೆಟ್ರೋಲ್ ಸುಮಾರು 740. ನೂರು ಲೀಟರ್ ಡೀಸೆಲ್ ಹೆಚ್ಚಿಗೆ ಹಾಕಿಸಿದಿರಿ ಎಂದರೆ 84 ಕಿಲೋದ ಒಬ್ಬ ಮನುಷ್ಯನನ್ನು ಗಾಡಿಯ ಹೊಟ್ಟೆಗೆ ಕಟ್ಟಿಕೊಂಡಿರಿ ಎಂದೇ ಅರ್ಥ. ಟ್ಯಾಂಕಿನ ಸ್ವಂತ ತೂಕ ಬೇರೆ.

ಆಸ್ಟ್ರೇಲಿಯಾದಲ್ಲಿ ಪ್ರತಿ ಗಾಡಿಗೂ ಜಿ.ವಿ.ಎಂ. ಎಂಬ ಮಿತಿ ಇದೆ. ಗಾಡಿ, ಜನ, ಸಾಮಾನು, ಇಂಧನ ಎಲ್ಲ ಸೇರಿ ಅದನ್ನು ದಾಟುವಂತಿಲ್ಲ. 200 ಸರಣಿಯ ಲ್ಯಾಂಡ್ ಕ್ರೂಸರ್ ನೋಡಿ. ಆನೆಯಂಥ ಗಾಡಿ, ಎಷ್ಟು ಹೇರಿದರೂ ಹೊರುತ್ತದೆ ಎಂದು ಎಲ್ಲರ ನಂಬಿಕೆ. ಅದರ ಜಿ.ವಿ.ಎಂ. 3,350 ಕಿಲೋ. ಸಹಾರಾ ಮಾದರಿಯ ಸ್ವಂತ ತೂಕ 2,740. ಉಳಿದದ್ದು 610. ಈಗ ಕಳೆಯುತ್ತಾ ಬನ್ನಿ: ಮುಂದಿನ ಬುಲ್ ಬಾರ್ 65, ವಿಂಚ್ 35, ಚಕ್ರ ನೇತುಹಾಕುವ ಹಿಂದಿನ ಬಾರ್ 100, ಮೇಲಿನ ಕ್ಯಾರಿಯರ್ 30, ಎರಡನೇ ಬ್ಯಾಟರಿ 30, ಹಿಂದಿನ ಡ್ರಾಯರ್‌ಗಳು 60, ತುಂಬಿದ ಫ್ರಿಜ್ 40, ನೀರು 60. ಇವು ಸುಮಾರು ಲೆಕ್ಕ, ನಿಮ್ಮದು ಹತ್ತು ಕಿಲೋ ಅತ್ತಿತ್ತ ಇರಬಹುದು. ಆದರೂ 420 ಆಯಿತು. ಮಿಕ್ಕಿದ 190ರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅವಲಕ್ಕಿ ಚೀಲ, ಹಾಸಿಗೆ ಬಟ್ಟೆ. ಟ್ಯಾಂಕಿನ ಮಾತು ಬರುವ ಮೊದಲೇ ಮಿತಿ ಮುಗಿದಿದೆ.

ಇನ್ನೊಂದು ಸೂಕ್ಷ್ಮವಿದೆ. ಕಂಪನಿಯ ಕೈಪಿಡಿಯಲ್ಲಿ ಕರ್ಬ್ ತೂಕ ಎಂದಿದ್ದರೆ ತುಂಬಿದ ಟ್ಯಾಂಕ್ ಸೇರಿದೆ ಎಂದು ಅರ್ಥ. ಟೇರ್ ತೂಕ ಎಂದಿದ್ದರೆ ಅದರಲ್ಲಿರುವುದು ಹತ್ತೇ ಲೀಟರ್ ಇಂಧನ. ಎರಡನ್ನೂ ಒಂದೇ ಎಂದುಕೊಂಡರೆ ನೂರು ಕಿಲೋ ಎಡವಟ್ಟಾಗುತ್ತದೆ. ಲೆಕ್ಕ ಏನೇ ಹೇಳಲಿ, ಪ್ರವಾಸಕ್ಕೆ ಹೊರಡುವ ಹಾಗೆಯೇ ಎಲ್ಲ ತುಂಬಿ, ಎಲ್ಲರೂ ಕೂತು, ಸಾರ್ವಜನಿಕ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್ ಒಮ್ಮೆ, ಹಿಂದಿನದು ಒಮ್ಮೆ, ಪೂರ್ತಿ ಗಾಡಿ ಒಮ್ಮೆ.

5. ಭಾರ ಎಷ್ಟು ಎನ್ನುವುದರ ಜತೆಗೆ ಎಲ್ಲಿ ಎನ್ನುವುದೂ ಮುಖ್ಯ

ಹಿಂಭಾರವಾದ ಎತ್ತಿನ ಗಾಡಿಯಲ್ಲಿ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುವುದನ್ನು ಹಳ್ಳಿಯವರೆಲ್ಲ ಬಲ್ಲರು. ಇಲ್ಲೂ ಅದೇ. ಲ್ಯಾಂಡ್ ಕ್ರೂಸರ್‌ನ ಎರಡು ಆಕ್ಸಲ್‌ಗಳ ನಡುವೆ 2.85 ಮೀಟರ್ ಅಂತರ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ನೂರು ಕಿಲೋ ನೇತುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 135. ಆ ಹೆಚ್ಚಿನ 35 ಮುಂದಿನ ಚಕ್ರಗಳಿಂದ ಕಳೆದದ್ದು. ಸ್ಟೇರಿಂಗ್ ಹಗುರವಾಗುತ್ತದೆ, ಬ್ರೇಕಿನ ಹಿಡಿತ ಸಡಿಲವಾಗುತ್ತದೆ, ಹೆಡ್‌ಲೈಟು ಮರದ ತುದಿಗೆ ಬೆಳಕು ಬಿಡುತ್ತದೆ. ಹಿಂದೆ ಕ್ಯಾರವಾನ್ ಎಳೆಯುವವರಿಗಂತೂ ಕೊಂಡಿಯ ಭಾರವೂ ಅದೇ ಜಾಗಕ್ಕೆ ಬಂದು ಬೀಳುತ್ತದೆ.

ಆದ್ದರಿಂದ ಆಯ್ಕೆ ಇದ್ದರೆ ಎರಡು ಆಕ್ಸಲ್‌ಗಳ ನಡುವೆ ಕೂರುವ ಟ್ಯಾಂಕ್ ಆರಿಸಿ. ಹೈಲಕ್ಸ್, ರೇಂಜರ್‌ನಂಥ ಪಿಕಪ್‌ಗಳಲ್ಲಿ ಇದು ಸುಲಭ. ಮೂಲ ಟ್ಯಾಂಕ್ ಇರುವುದೇ ಅಲ್ಲಿ.

6. ಸ್ಪ್ರಿಂಗ್ ದಪ್ಪವಾದರೆ ಕಾನೂನು ಸಡಿಲವಾಗುವುದಿಲ್ಲ

ಹಿಂದೆ ಕುಸಿದ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ಅಷ್ಟೇ. ಕಾಗದದ ಮೇಲಿನ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಏರಬೇಕಾದರೆ ಪ್ರಮಾಣಪತ್ರ ಸಮೇತ ಜಿ.ವಿ.ಎಂ. ಅಪ್‌ಗ್ರೇಡ್ ಮಾಡಿಸಬೇಕು. ಹೊಸ ಗಾಡಿಗೆ ನೋಂದಣಿಗೆ ಮುಂಚೆಯೇ ಮಾಡಿಸಿಕೊಂಡರೆ ದೇಶವಿಡೀ ಮಾನ್ಯ. ನೋಂದಣಿ ಆದಮೇಲೆ ಮಾಡಿಸಿದರೆ ಆಯಾ ರಾಜ್ಯದ ನಿಯಮ, ಆಯಾ ರಾಜ್ಯದ ಎಂಜಿನಿಯರ್ ಸಹಿ. ಇಂಧನ ವ್ಯವಸ್ಥೆ ಬದಲಿಸುವುದಕ್ಕೂ ವಿ.ಎಸ್.ಬಿ. 14 ಎಂಬ ರಾಷ್ಟ್ರೀಯ ಸಂಹಿತೆ ಇದೆ. ವಿಮೆ ಕಂಪನಿಗೆ ಇಮೇಲ್ ಹಾಕಿ, ಉತ್ತರ ಉಳಿಸಿಕೊಳ್ಳಿ. ಅಪಘಾತವಾದ ಮೇಲೆ ತಿಳಿಸುವ ಸುದ್ದಿಗೆ ಬೆಲೆ ಇಲ್ಲ.

7. ಮೂರು ಕ್ಯಾನಿನಲ್ಲಿ ಮುಗಿಯುವ ಕೆಲಸವೇ?

80 ಲೀಟರ್ ಟ್ಯಾಂಕಿನ ಗಾಡಿಗೆ ಇಪ್ಪತ್ತು ಲೀಟರಿನ ಮೂರು ಜೆರ್ರಿ ಕ್ಯಾನ್ ಸೇರಿಸಿದರೂ 140 ಆಗುತ್ತದೆ. ಜೀವಮಾನಕ್ಕೊಮ್ಮೆ ಸಿಂಪ್ಸನ್ ದಾಟುವವನಿಗೆ ಇಷ್ಟು ಸಾಕು. ಖಾಲಿಯಾದ ಮೇಲೆ ಗ್ಯಾರೇಜಿನ ಮೂಲೆಯಲ್ಲಿಡಬಹುದು, ಗೆಳೆಯನಿಗೆ ಎರವಲು ಕೊಡಬಹುದು. ಟ್ಯಾಂಕಿಗಾದರೋ ಜೋಡಣೆ ಸೇರಿ ಎರಡು ಸಾವಿರ ಡಾಲರ್ ದಾಟುವುದು ಮಾಮೂಲು.

ಕ್ಯಾನಿನ ತೊಂದರೆ ಬೇರೆ ಬಗೆಯದು. ಕ್ಯಾಬಿನ್ ಒಳಗೆ ಇಡಲೇಬಾರದು. ತಾರಸಿ ಕ್ಯಾರಿಯರ್ ಮೇಲೆ ಕಟ್ಟಿದರೆ ಭಾರ ಎತ್ತರಕ್ಕೇರಿ ಇಳಿಜಾರಿನಲ್ಲಿ ಗಾಡಿ ವಾಲುತ್ತದೆ. ಗಾಳಿ ಬೀಸುವಾಗ ಮರಳಿನ ನಡುವೆ ಫನಲ್ ಹಿಡಿದು ಸುರಿಯುವುದು ಪಾಪದ ಕೆಲಸ. ತುಂಬುವಾಗಲೂ ಕ್ಯಾನನ್ನು ಪ್ಲಾಸ್ಟಿಕ್ ಹಾಸಿನ ಮೇಲೆ ಬಿಡದೆ ನೆಲಕ್ಕಿಳಿಸಿ; ಸ್ಥಾಯೀ ವಿದ್ಯುತ್ತಿನ ಒಂದು ಕಿಡಿ ಪೆಟ್ರೋಲಿಗೆ ಸಾಕು. ಕ್ಯಾನ್ ಕೊಳ್ಳುವಾಗ ಎ.ಎಸ್./ಎನ್.ಝಡ್.ಎಸ್. 2906 ಗುರುತು ನೋಡಿ.

ವರ್ಷ ವರ್ಷವೂ ಮರಳಿಗೆ ಹೋಗುವವರಿಗೆ ಟ್ಯಾಂಕೇ ಸರಿ. ಇಂಧನ ಕೆಳಗಿರುತ್ತದೆ, ಒಳಗೆ ಜಾಗ ಉಳಿಯುತ್ತದೆ, ವಾಸನೆ ಇಲ್ಲ.

8. ಬದಲಿ ಟ್ಯಾಂಕೋ, ಹೆಚ್ಚುವರಿ ಟ್ಯಾಂಕೋ?

ಬದಲಿ ಎಂದರೆ ಕಂಪನಿ ಟ್ಯಾಂಕ್ ಕಳಚಿ ಅದೇ ಜಾಗಕ್ಕೆ ದೊಡ್ಡದು. ಪಂಪು ಒಂದೇ, ಮೀಟರ್ ಒಂದೇ, ಕೆಡುವುದಕ್ಕೆ ಕಡಿಮೆ ಸಾಮಾನು. ಹೆಚ್ಚುವರಿ ಎಂದರೆ ಮೂಲದ್ದರ ಜತೆಗೆ ಇನ್ನೊಂದು. ಅದರಿಂದ ಇದಕ್ಕೆ ಸಾಗಿಸಲು ಪಂಪು, ಸ್ವಿಚ್ಚು, ವೈರು, ಎರಡನೇ ಮೀಟರ್. ಸಾಧ್ಯವಿದ್ದಲ್ಲಿ ಬದಲಿ ಟ್ಯಾಂಕೇ ಮೇಲು ಎಂಬುದು ನನ್ನ ತೀರ್ಪು. ಎರಡು ಟ್ಯಾಂಕಿಗಿರುವ ದೊಡ್ಡ ಲಾಭವೆಂದರೆ ಒಂದಕ್ಕೆ ಕಲ್ಲು ಬಡಿದು ಸೋರಿದರೂ, ಒಂದಕ್ಕೆ ಕೆಟ್ಟ ಡೀಸೆಲ್ ಬಿದ್ದರೂ ಇನ್ನೊಂದು ಉಳಿಯುತ್ತದೆ. ಹಳೆಯ ಟ್ರೂಪ್ ಕ್ಯಾರಿಯರ್‌ಗೆ ಟೊಯೋಟಾದವರೇ 90 ಲೀಟರಿನ ಎರಡು ಟ್ಯಾಂಕ್ ಕೊಟ್ಟದ್ದು ಸುಮ್ಮನೆ ಅಲ್ಲ. ಅಂಥ ಗಾಡಿ ಇದ್ದರೆ ಈ ಲೇಖನ ನಿಮಗಲ್ಲ, ಮುಂದಿನ ಪುಟಕ್ಕೆ ಹೋಗಿ.

9. ಉಕ್ಕೋ, ಪ್ಲಾಸ್ಟಿಕ್ಕೋ?

ಲಾಂಗ್ ರೇಂಜರ್, ಬ್ರೌನ್ ಡೇವಿಸ್ ಟ್ಯಾಂಕ್‌ಗಳು ಅಲ್ಯೂಮಿನಿಯಂ ಲೇಪಿಸಿದ ಉಕ್ಕಿನವು. ಎ.ಆರ್.ಬಿ.ಯ ಫ್ರಾಂಟಿಯರ್ ಅಚ್ಚಿನಲ್ಲಿ ಎರೆದ ಗಟ್ಟಿ ಪಾಲಿಥೀನ್. ಪ್ಲಾಸ್ಟಿಕ್ ತುಕ್ಕು ಹಿಡಿಯದು, ಬೆಸುಗೆಯ ಜೋಡು ಇಲ್ಲದ್ದರಿಂದ ಅಲ್ಲಿ ಬಿರುಕು ಬಿಡುವ ಭಯವಿಲ್ಲ. ಉಕ್ಕನ್ನು ಯಾವ ಊರಿನ ವೆಲ್ಡರ್ ಬೇಕಾದರೂ ರಿಪೇರಿ ಮಾಡಿಯಾನು. ಎರಡೂ ನಡೆಯುತ್ತವೆ, ಇದಕ್ಕಾಗಿ ರಾತ್ರಿ ನಿದ್ದೆ ಕೆಡಬೇಡಿ. ನೋಡಬೇಕಾದದ್ದು ಒಳಗಿನ ಅಡ್ಡಗೋಡೆಗಳನ್ನು. ಅವಿಲ್ಲದ ಟ್ಯಾಂಕಿನಲ್ಲಿ ಅರ್ಧ ತುಂಬಿದ ಡೀಸೆಲ್ ತಿರುವಿಗೊಮ್ಮೆ ಹೊಯ್ದಾಡಿ ಗಾಡಿಯನ್ನೇ ತೂಗುತ್ತದೆ, ಕಡಿದಾದ ಏರಿನಲ್ಲಿ ಪಂಪಿನ ಬಾಯಿಗೆ ಇಂಧನ ಸಿಗದಂತೆ ಮಾಡುತ್ತದೆ.

ಒಂದು ಮಾತ್ರ ಖಡಾಖಂಡಿತ: ಒಳಗೆ ಸತುವಿನ ಲೇಪವಿರುವ ತಗಡಿನಿಂದ ಡೀಸೆಲ್ ಟ್ಯಾಂಕ್ ಮಾಡಿಸಬೇಡಿ. ಸತು ಡೀಸೆಲ್ ಜತೆ ಕೂಡಿ ಮೇಣದಂಥ ಅಂಟು ಕಟ್ಟುತ್ತದೆ, ಫಿಲ್ಟರು, ಇಂಜೆಕ್ಟರು ಕಟ್ಟಿಕೊಳ್ಳುತ್ತವೆ. ಅಗ್ಗಕ್ಕೆ ಮಾಡಿಕೊಡುತ್ತೇನೆ ಎನ್ನುವ ಗುರುತಿನ ಗ್ಯಾರೇಜಿನವರನ್ನು ಮೊದಲು ಈ ಪ್ರಶ್ನೆ ಕೇಳಿ.

10. ಸ್ಟೆಪ್ನಿಗೆ ಜಾಗ ಎಲ್ಲಿ?

ದೊಡ್ಡ ಟ್ಯಾಂಕ್ ಎಷ್ಟೋ ಸಲ ಸ್ಟೆಪ್ನಿಯ ಜಾಗ ತಿನ್ನುತ್ತದೆ. ಆಗ ಚಕ್ರ ನೇತುಹಾಕಲು ಹಿಂದೆ ಬಾರ್ ಬೇಕು. ಅದರ ಖರ್ಚು, ಅದರ ತೂಕ ಟ್ಯಾಂಕಿನ ಜಾಹೀರಾತಿನಲ್ಲಿ ಇರುವುದಿಲ್ಲ. ಟೋ ಬಾರ್‌ಗೆ ತಾಗುತ್ತದೆಯೇ, ಸೈಲೆನ್ಸರ್ ಪೈಪಿನಿಂದ ಎಷ್ಟು ದೂರ, ನಡುವೆ ಹೀಟ್ ಶೀಲ್ಡ್ ಇದೆಯೇ, ಹಿಂದಿನ ಆಕ್ಸಲ್ ಪೂರ್ತಿ ಕೆಳಗಿಳಿದಾಗ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿ ಬರುತ್ತದೆ ಕೇಳಿ. ಟ್ಯಾಂಕಿನ ತಳ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದನ್ನು ಅದೇ ಮಾದರಿಯ ಇನ್ನೊಬ್ಬರ ಗಾಡಿಯಡಿ ಮಲಗಿ ಕಣ್ಣಾರೆ ನೋಡಿ. ಹಳ್ಳದಿಂದ ಮೇಲೇಳುವಾಗ ಮೊದಲು ನೆಲ ಉಜ್ಜುವುದು ಅದೇ.

11. ಬ್ರೀದರ್ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಿ

ಟ್ಯಾಂಕ್ ಹಾಕಿಸಿದವರ ದೂರುಗಳಲ್ಲಿ ಅತಿ ಸಾಮಾನ್ಯವಾದದ್ದು ಇದು: ಬಂಕಿನಲ್ಲಿ ನಾಝಲ್ ಇಟ್ಟರೆ ಎರಡು ಲೀಟರಿಗೊಮ್ಮೆ ಟಕ್ ಎಂದು ನಿಲ್ಲುತ್ತದೆ, ನೊರೆ ಉಕ್ಕುತ್ತದೆ. 140 ಲೀಟರ್ ತುಂಬಿಸುವಷ್ಟರಲ್ಲಿ ಹಿಂದಿನವರು ಹಾರನ್ ಹೊಡೆಯಲು ಶುರು ಮಾಡಿರುತ್ತಾರೆ. ಕಾರಣ ಪಂಪಿನಲ್ಲಿಲ್ಲ. ಡೀಸೆಲ್ ಒಳಗೆ ಬಂದಷ್ಟೂ ಗಾಳಿ ಹೊರಗೆ ಹೋಗಬೇಕು. ಆ ಗಾಳಿ ಹೋಗುವ ಬ್ರೀದರ್ ಪೈಪು ಎಲ್ಲೋ ಒಂದು ಕಡೆ ಜೋತು ಬಿದ್ದು ತಗ್ಗಾಗಿರುತ್ತದೆ. ಆ ತಗ್ಗಿನಲ್ಲಿ ಒಂದು ಲೋಟ ಡೀಸೆಲ್ ನಿಂತರೆ ದಾರಿ ಮುಚ್ಚಿದಂತೆ.

ಗಾಡಿ ಕೈಗೆ ಬಂದ ದಿನವೇ ಕೆಳಗೆ ಮಲಗಿ, ಟ್ಯಾಂಕಿನ ತಲೆಯಿಂದ ಫಿಲ್ಲರ್ ಬಾಯಿಯವರೆಗೆ ಆ ಪೈಪಿನ ಮೇಲೆ ಬೆರಳಾಡಿಸಿ. ಉದ್ದಕ್ಕೂ ಏರುತ್ತಲೇ ಹೋಗಬೇಕು. ಎಲ್ಲೂ ಇಳಿಯಬಾರದು, ಮಡಿಕೆ ಬೀಳಬಾರದು, ಕ್ಲಿಪ್ಪು ಹಿಸುಕಿರಬಾರದು. ಸರಿಯಿಲ್ಲದಿದ್ದರೆ ಅಲ್ಲೇ, ಆಗಲೇ ಸರಿಮಾಡಿಸಿ. ಗಾಡಿ ಮಗುಚಿದರೆ ಇಂಧನ ಹೊರಚೆಲ್ಲದಂತೆ ತಡೆಯುವ ವಾಲ್ವ್ ಕೂಡ ಈ ಸಾಲಿನಲ್ಲೇ ಇರುತ್ತದೆ. ಅದನ್ನು ಕಿತ್ತು ಬಿಸಾಡಿ ನಾಝಲ್ ಸಮಸ್ಯೆ ಬಗೆಹರಿಸಿದೆ ಎನ್ನುವವರ ಮಾತು ಕೇಳಬೇಡಿ. ಪೆಟ್ರೋಲ್ ಗಾಡಿಯಲ್ಲಿ ಆವಿಯನ್ನು ಹಿಡಿದಿಡುವ ಇದ್ದಿಲ ಡಬ್ಬಿಯೂ ಇದ್ದಲ್ಲೇ ಇರಬೇಕು. ಎಲ್ಲ ಸರಿಯಿದ್ದೂ ನೊರೆ ಬಂದರೆ ಲಾರಿಗಳಿಗೆಂದು ಇಟ್ಟ ಹೈ ಫ್ಲೋ ಪಂಪಿಗೆ ನಿಂತಿದ್ದೀರೋ ನೋಡಿಕೊಳ್ಳಿ. ರೋಡ್‌ಹೌಸ್‌ಗಳಲ್ಲಿ ಇದು ಸಾಮಾನ್ಯ.

12. ಜೋಡಿಸುವ ದಿನ

ಪೆಟ್ರೋಲ್ ಗಾಡಿಯಾದರೆ ಮನೆಯಲ್ಲಿ ಕೈ ಹಾಕಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಡೀಸೆಲ್ ಗಾಡಿಗೆ, ಕೈಕೆಲಸ ಬಲ್ಲ ಇಬ್ಬರಿದ್ದರೆ, ಒಂದು ಪೂರ್ತಿ ದಿನದ ಕೆಲಸ. ಮೊದಲು ಟ್ಯಾಂಕ್ ಆದಷ್ಟು ಖಾಲಿಯಾಗುವವರೆಗೆ ಓಡಿಸಿ. ಗಾಡಿ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಬೇಕು. ಬರೀ ಜಾಕಿ ನಂಬಿ ಅಡಿಗೆ ತೂರಬೇಡಿ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ.

ಯಾವ ಪೈಪು ಎಲ್ಲಿಗೆ ಎಂದು ಕಳಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಪಂಪನ್ನು ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ ಅದರ ರಬ್ಬರ್ ರಿಂಗ್ ಹೊಸದೇ ಹಾಕಿ. ಹತ್ತು ಡಾಲರ್ ಉಳಿಸಲು ಹೋದರೆ ಟ್ಯಾಂಕ್ ತುಂಬಿದಾಗಲೆಲ್ಲ ವಾಸನೆ ಬರುತ್ತದೆ. ಹೊಸ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬೆಸುಗೆಯ ಚೂರೋ ಪ್ಲಾಸ್ಟಿಕ್ಕಿನ ಸಿಪ್ಪೆಯೋ ಉಳಿದಿದ್ದರೆ ಒರೆಸಿ ತೆಗೆಯಿರಿ. ಕಾಮನ್ ರೈಲ್ ಎಂಜಿನ್ ಅಂಥದ್ದನ್ನು ಕ್ಷಮಿಸುವುದಿಲ್ಲ. ಚಾಸಿಸ್‌ಗೆ ಹೊಸ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಒಳ್ಳೆಯ ಟ್ಯಾಂಕ್ ಕಂಪನಿ ಕೊಟ್ಟ ತೂತುಗಳಿಗೇ ಕೂರುತ್ತದೆ. ಕೂರದಿದ್ದರೆ ನಿಮ್ಮ ಗಾಡಿಯದಲ್ಲದ ಟ್ಯಾಂಕ್ ಬಂದಿದೆ ಎಂದೇ ತಿಳಿಯಿರಿ. ಬೋಲ್ಟ್‌ಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಹೇಳಿದಷ್ಟೇ ಬಿಗಿದು, ತಲೆಯ ಮೇಲೆ ಬಣ್ಣದ ಗೆರೆ ಎಳೆಯಿರಿ. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ಸಾವಿರ ಕಿ.ಮೀ. ಓಡಿದ ಮೇಲೆ ಗೆರೆ ಸರಿದಿದೆಯೇ ಎಂದು ಒಂದು ನೋಟದಲ್ಲಿ ತಿಳಿಯುತ್ತದೆ.

13. ಮೀಟರ್ ಮುಳ್ಳು ಸುಳ್ಳು ಹೇಳುತ್ತದೆ

ಹಳೆಯ ಟ್ಯಾಂಕಿನ ತೇಲುಬುರುಡೆ ಹೊಸ ಟ್ಯಾಂಕಿನ ಎತ್ತರವನ್ನು ಪೂರ್ತಿ ಅಳೆಯಲಾರದು. ಮುಳ್ಳು ಬಹಳ ಹೊತ್ತು ‘ಫುಲ್’ ಬಿಟ್ಟು ಅಲ್ಲಾಡುವುದಿಲ್ಲ, ಆಮೇಲೆ ದಡದಡ ಇಳಿಯುತ್ತದೆ. ಇನ್ನು ಎಷ್ಟು ಕಿ.ಮೀ. ಓಡುತ್ತದೆ ಎಂದು ತೋರಿಸುವ ಕಂಪ್ಯೂಟರ್ ಅಂಕಿಯನ್ನು ಮರೆತುಬಿಡಿ. ಒಮ್ಮೆ ಟ್ಯಾಂಕ್ ಬರಿದಾದಾಗ ಹತ್ತು ಹತ್ತು ಲೀಟರ್ ಹಾಕುತ್ತಾ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಚೀಟಿಯಲ್ಲಿ ಬರೆದು ಸನ್ ವೈಸರ್ ಹಿಂದೆ ಅಂಟಿಸಿ. ಮರಳಿನಲ್ಲಿ ನಂಬಬೇಕಾದದ್ದು ಈ ಚೀಟಿ ಮತ್ತು ಟ್ರಿಪ್ ಮೀಟರ್, ಎರಡನ್ನೇ.

14. ಹಿಂದಿನದನ್ನು ಬೇಗ ಖಾಲಿ ಮಾಡಿ

ಹೆಚ್ಚುವರಿ ಟ್ಯಾಂಕ್ ಇರುವವರು ಮುಖ್ಯ ಟ್ಯಾಂಕ್ ಬರಿದಾಗುವ ತನಕ ಕಾಯುವುದುಂಟು. ಆಗ ಸ್ವಿಚ್ ಒತ್ತಿದರೆ ಪಂಪು ಮೌನ! ಹಿಂದೆ ನೂರು ಲೀಟರ್ ಇದೆ, ಮುಂದಕ್ಕೆ ಬರುವುದಿಲ್ಲ. ಮುಖ್ಯ ಟ್ಯಾಂಕಿನಲ್ಲಿ ಮೂವತ್ತು ನಲವತ್ತು ಲೀಟರ್ ಜಾಗವಾದ ಕೂಡಲೇ ಸಾಗಿಸಲು ಶುರು ಮಾಡಿ. ಪಂಪು ಕೆಟ್ಟಿದ್ದರೆ ಇನ್ನೂ ಹಿಂತಿರುಗುವಷ್ಟು ಡೀಸೆಲ್ ಇರುವಾಗಲೇ ಗೊತ್ತಾಗುತ್ತದೆ. ಆಕ್ಸಲ್ ಹಿಂದಿನ ಭಾರವೂ ಮೊದಲೇ ಇಳಿಯುತ್ತದೆ. ಆದರೆ ಸ್ವಿಚ್ ಹಾಕಿ ಮರೆಯಬೇಡಿ, ಮುಖ್ಯ ಟ್ಯಾಂಕ್ ಉಕ್ಕೀತು. ಒಂದು ಫ್ಯೂಸ್, ಒಂದು ಕೈಪಂಪು, ಎರಡು ಮೀಟರ್ ಹೋಸ್ ಪೈಪ್ ಡಬ್ಬಿಯಲ್ಲಿರಲಿ.

15. ನೀರು ಮತ್ತು ಸೋಪು

ದೊಡ್ಡ ಟ್ಯಾಂಕ್ ಅರ್ಧ ಖಾಲಿ ನಿಂತರೆ ರಾತ್ರಿಯ ಚಳಿಗೆ ಒಳಗೋಡೆಯಲ್ಲಿ ನೀರು ಹನಿಯುತ್ತದೆ. ನೀರು ತಳಕ್ಕೆ ಸೇರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಡ್ರೈನ್ ಪ್ಲಗ್ ಇರುವ ಟ್ಯಾಂಕ್ ಕೊಳ್ಳಿ, ನೀರು ಬೇರ್ಪಡಿಸುವ ಎರಡನೇ ಫಿಲ್ಟರ್ ಹಾಕಿಸಿ. ಟ್ಯಾಂಕಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ಹಾಳಾದ ಇಂಜೆಕ್ಟರ್‌ಗಳ ಬಿಲ್ಲು ನೋಡಿದವರಿಗೆ ಗೊತ್ತು.

ಕಲ್ಲು ಬಡಿದು ಟ್ಯಾಂಕ್ ಸಣ್ಣಗೆ ಸೋರಿದರೆ ಬಟ್ಟೆ ಸೋಪಿನ ಬಿಲ್ಲೆ ತಿಕ್ಕಿ. ಡೀಸೆಲ್‌ಗೂ ಪೆಟ್ರೋಲ್‌ಗೂ ಸೋಪು ಕರಗುವುದಿಲ್ಲ. ನಮ್ಮ ಊರಿನ ಲಾರಿ ಡ್ರೈವರ್‌ಗಳ ಈ ಮದ್ದು ಆಸ್ಟ್ರೇಲಿಯಾದ ಕಾಡುದಾರಿಯಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

16. ಆಡ್‌ಬ್ಲೂ ಮರೆಯಬೇಡಿ

ಹೊಸ ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಹೊಗೆ ಶುದ್ಧಿ ಮಾಡುವ ಆಡ್‌ಬ್ಲೂ ಎಂಬ ದ್ರವ ಬೇಕು. ಡೀಸೆಲ್ 150 ಲೀಟರ್ ಇದ್ದರೂ ಆಡ್‌ಬ್ಲೂ ಮುಗಿದರೆ ಒಮ್ಮೆ ಆರಿಸಿದ ಎಂಜಿನ್ ಮತ್ತೆ ಶುರುವಾಗುವುದಿಲ್ಲ. ಒಂದು ಕ್ಯಾನ್ ಜತೆಗಿರಲಿ.

17. ಊರೊಳಗೆ ತುಂಬಿಸಿಕೊಂಡು ಮೆರೆಯಬೇಡಿ

ಆಫೀಸಿಗೆ ಹೋಗಿಬರಲು 140 ಲೀಟರ್ ಹೊರುವುದು ಸುಮ್ಮನೆ ದಂಡ. ತಿಂಗಳಿಗೊಮ್ಮೆ ಪೂರ್ತಿ ತುಂಬಿಸಿ, ಉಳಿದಂತೆ ಬೇಕಾದಷ್ಟು ಹಾಕಿ. ಪ್ರವಾಸದಲ್ಲಿ ದೊಡ್ಡ ಊರಿನ ಅಗ್ಗದ ಬಂಕಿನಲ್ಲಿ ತುಂಬಿಸಿಕೊಂಡು ದುಬಾರಿ ರೋಡ್‌ಹೌಸ್ ದಾಟಿ ಹೋಗುವ ಸುಖ ಈ ಟ್ಯಾಂಕಿನದು, ನಿಜ. ಆದರೂ ಇಲ್ಕುರ್ಲ್ಕಾದಂಥ ಜಾಗದಲ್ಲಿ ಒಂದಿಷ್ಟು ಕೊಂಡೇ ಹೋಗಿ. ಆ ಅಂಗಡಿ ಮುಚ್ಚಿದರೆ ಎಷ್ಟು ದೊಡ್ಡ ಟ್ಯಾಂಕ್ ಇದ್ದರೂ ನಮಗೆ ಸಾಲದು. ಪೆಟ್ರೋಲ್ ಗಾಡಿಯವರಿಗೆ ಒಂದು ಮಾತು: ಒಳನಾಡಿನ ಮೂಲನಿವಾಸಿ ಹಳ್ಳಿಗಳಲ್ಲಿ ಸಿಗುವುದು ಓಪಲ್ ಎಂಬ ಇಂಧನ. ಪೆಟ್ರೋಲ್ ಮೂಸುವ ಚಟ ಬಿಡಿಸಲೆಂದು 2005ರಲ್ಲಿ ತಂದದ್ದು. ಸಾದಾ ಪೆಟ್ರೋಲ್ ಗಾಡಿಗೆ ಅದು ಒಗ್ಗುತ್ತದೆ, ಹೆದರಬೇಡಿ.

18. ಊರಿನಲ್ಲಿರುವ ತಮ್ಮನಿಗೆ ಈ ಸಲಹೆ ಕೊಡಬೇಡಿ

ಇದನ್ನೆಲ್ಲ ಓದಿ ಚಿಕ್ಕಮಗಳೂರಿನಲ್ಲಿ ಥಾರ್ ಇಟ್ಟುಕೊಂಡವರಿಗೆ ಆಸೆ ಹುಟ್ಟಬಹುದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೆಂಗಳೂರಿನಿಂದ ಬೀದರ್‌ವರೆಗೆ ಬಂಕ್‌ಗಳು ಬೇಕಾದಷ್ಟಿವೆ. ಕಂಪನಿ ಟ್ಯಾಂಕೇ ಸಾಕು.

19. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ

ಹೊಸ ಟ್ಯಾಂಕಿನೊಂದಿಗೆ ನೇರ ಮರುಭೂಮಿಗೆ ಹೋಗಬಾರದು. ಬಾಯಿತನಕ ತುಂಬಿಸಿ ಕಡಿದಾದ ಏರಿನಲ್ಲೊಮ್ಮೆ, ಇಳಿಜಾರಿನಲ್ಲೊಮ್ಮೆ, ಎಡಕ್ಕೆ ಬಲಕ್ಕೆ ವಾಲಿದ ಜಾಗದಲ್ಲೊಮ್ಮೆ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ ಹನಿ ಬೀಳುತ್ತದೆಯೇ ನೋಡಿ. ಆಮೇಲೆ ಕೆಟ್ಟ ಮಣ್ಣು ರಸ್ತೆಯಲ್ಲಿ ಒಂದು ವಾರಾಂತ್ಯ ಓಡಿಸಿ ಬೋಲ್ಟ್‌ಗಳ ಗೆರೆ ಪರೀಕ್ಷಿಸಿ. ಬೇಸಿಗೆಯ ಬಿಸಿಲಿಗೆ ಸಿಂಪ್ಸನ್ ಉದ್ಯಾನಗಳು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚಿರುತ್ತವೆ. ಆ ಮೂರೂವರೆ ತಿಂಗಳು ಇರುವುದೇ ಈ ಕೆಲಸಕ್ಕೆ ಎಂದುಕೊಳ್ಳಿ: ಡಿಸೆಂಬರಿನಲ್ಲಿ ವೇಬ್ರಿಡ್ಜ್, ಜನವರಿಯಲ್ಲಿ ಜೋಡಣೆ, ಫೆಬ್ರವರಿಯಲ್ಲಿ ಸೋರಿಕೆ ಪರೀಕ್ಷೆ. ಗೇಟು ತೆರೆಯುವಷ್ಟರಲ್ಲಿ ಮೀಟರಿನ ಚೀಟಿ ಸನ್ ವೈಸರ್ ಹಿಂದೆ ಅಂಟಿರಲಿ.